ಓದಿದ ಕೈ, ಪಳಗಿದ ಕೈ: ಶಿಶುಪಾಲನೆಯಲ್ಲಿ ಅರ್ಹತೆಯ ಪ್ರಶ್ನೆ



ಬಾಲವಾಡಿಯಲ್ಲಿ ದುಡಿದ ತಾಯಿಯೊಬ್ಬರ ಹೆಸರಿನಲ್ಲಿ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಅವರು ಮಾಡುತ್ತಿದ್ದ ಕೆಲಸದ ಬಗ್ಗೆಯೇ ಇವತ್ತು ಮಾತಾಡಬೇಕು ಎಂದುಕೊಂಡು ಬಂದಿದ್ದೇನೆ. ಆರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ, ಅವರಿಗೆ ಕಲಿಸುವ ಕೆಲಸಕ್ಕೆ ಅರ್ಹರು ಯಾರು? ಓದಿ ಪ್ರಮಾಣಪತ್ರ ಪಡೆದವರೋ, ಮಕ್ಕಳ ನಡುವೆಯೇ ವರ್ಷಗಟ್ಟಲೆ ಇದ್ದು ಪಳಗಿದವರೋ? ಸಮ್ಮೇಳನಗಳಲ್ಲಿ ಈ ಪ್ರಶ್ನೆಗೆ ‘ಎರಡೂ ಬೇಕು’ ಎಂದು ಉತ್ತರ ಹೇಳಿ ಚಹಾಕ್ಕೆ ಎದ್ದುಬಿಡುತ್ತೇವೆ. ಊರಿನಲ್ಲಿ ಒಂದು ಹುದ್ದೆ ಖಾಲಿಯಾದಾಗ ಆ ಉತ್ತರ ಕೆಲಸಕ್ಕೆ ಬರುವುದಿಲ್ಲ.

ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ ನಿವೃತ್ತರಾದರು ಎಂದಿಟ್ಟುಕೊಳ್ಳೋಣ. ಅದೇ ಕೇಂದ್ರದಲ್ಲಿ ಬಹಳ ವರ್ಷಗಳಿಂದ ಸಹಾಯಕಿಯೊಬ್ಬರಿದ್ದಾರೆ. ಬೆಳಿಗ್ಗೆ ಬೀಗ ತೆಗೆಯುವವರು ಅವರು. ಕಸ ಗುಡಿಸಿ, ನೀರು ತುಂಬಿ, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವವರು ಅವರು. ಅಡುಗೆ ಅವರದು, ಒದ್ದೆ ಚಡ್ಡಿ ಬದಲಿಸುವುದೂ ಅವರದು. ಟೀಚರ್ ಸಭೆಗೋ ಸಮೀಕ್ಷೆಗೋ ಹೋದ ದಿನ ಹಾಡು, ಕಥೆ, ಆಟ ಎಲ್ಲವೂ ಅವರ ತಲೆಯ ಮೇಲೆ. ಓದಿದ್ದು ಏಳನೇ ತರಗತಿ. ಅದೇ ಊರಿಗೆ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ಪಿಯುಸಿ ಮುಗಿಸಿದ್ದಾಳೆ, ಚುರುಕಾಗಿದ್ದಾಳೆ, ಅವಳಿಗೂ ಕೆಲಸ ಬೇಕು. ಕೇಂದ್ರ ಸರ್ಕಾರದ 2022ರ ‘ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0’ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆಗೆ ಹನ್ನೆರಡನೇ ತರಗತಿ, ಅಂದರೆ ನಮ್ಮ ಪಿಯುಸಿ, ಕನಿಷ್ಠ ವಿದ್ಯಾರ್ಹತೆ. ಖಾಲಿಯಾಗುವ ಕಾರ್ಯಕರ್ತೆ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಸೇವೆ ಸಲ್ಲಿಸಿದ ಸಹಾಯಕಿಯರಿಗೆ ಬಡ್ತಿ ನೀಡಿ ತುಂಬಬೇಕೆಂದೂ ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಉಳಿದ ಅರ್ಹತೆಗಳೂ ಇರಬೇಕೆಂಬ ಷರತ್ತು ಅದರ ಬೆನ್ನಿಗೇ ಇದೆ. ಹಾಗಾಗಿ ಅಂಕಪಟ್ಟಿ ಇಲ್ಲದ ಸಹಾಯಕಿಗೆ ಐದು ವರ್ಷದ ಅನುಭವವೂ ಒಂದೇ, ಇಪ್ಪತ್ತು ವರ್ಷದ ಅನುಭವವೂ ಒಂದೇ.

ಪಿಯುಸಿ ಓದಿದ ಹುಡುಗಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅವಳು ಓದಿದ್ದೂ ಸುಲಭವಾಗಿ ಅಲ್ಲ. ನನ್ನ ತಕರಾರು ಇಷ್ಟು: ಅನುಭವವನ್ನು ಕಣ್ಣಾರೆ ನೋಡಿ, ಪರೀಕ್ಷಿಸಿ, ಅದನ್ನು ಅರ್ಹತೆಯೆಂದು ಬರೆದುಕೊಡುವ ದಾರಿಯನ್ನು ನಾವು ಇನ್ನೂ ಕಟ್ಟಿಲ್ಲ. ಆ ದಾರಿ ಇಲ್ಲದ್ದರಿಂದಲೇ ಈ ಇಬ್ಬರು ಹೆಂಗಸರು ಎದುರುಬದುರು ನಿಲ್ಲಬೇಕಾಗಿದೆ.

ಶಿಶುಶಿಕ್ಷಣದ ಚರಿತ್ರೆ ನೋಡಿದರೆ ಅದು ಶುರುವಾಗಿದ್ದೇ ಸರಿಯಾದ ಪ್ರಮಾಣಪತ್ರ ಇಲ್ಲದವರಿಂದ. ಮರಿಯಾ ಮಾಂಟೆಸ್ಸರಿ ವೈದ್ಯೆ. 1907ರ ಜನವರಿಯಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಮಕ್ಕಳ ಜೊತೆ ದಿನವಿಡೀ ಇರಲು ಅವರು ಆರಿಸಿಕೊಂಡದ್ದು ಶಿಕ್ಷಕಿ ತರಬೇತಿ ಆಗದ ಹೆಣ್ಣುಮಗಳನ್ನು. ಭಾವನಗರದ ಗಿಜುಭಾಯಿ ಬಧೇಕಾ ವಕೀಲರು. ಮಗ ಹುಟ್ಟಿದ ಮೇಲೆ ಮಕ್ಕಳ ಬಗ್ಗೆ ಓದತೊಡಗಿ, ಕೊನೆಗೆ ವಕೀಲಿಯನ್ನೇ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದರು. ಅವರ ಜೊತೆಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಊರಿಗೆ ಹೋಗಿ, ಮುಂದೆ ಕೋಸಬಾಡದ ಗುಡ್ಡದಲ್ಲಿ ವಾರ್ಲಿ ಮಕ್ಕಳ ಅಂಗಳದಲ್ಲೇ ಶಾಲೆ ನಡೆಸಿದರು. ನಾವು ಇವತ್ತು ಬಳಸುವ ‘ಅಂಗನವಾಡಿ’ ಎಂಬ ಹೆಸರೂ ಆ ಅಂಗಳದಿಂದಲೇ ಬಂದದ್ದು.

ಇದನ್ನು ಹೇಳಿದ ಕೂಡಲೇ ‘ನೋಡಿ, ದೊಡ್ಡ ಕೆಲಸಕ್ಕೆ ಡಿಗ್ರಿ ಬೇಕಿಲ್ಲ’ ಎನ್ನುವವರು ಸಿಗುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇವರಲ್ಲಿ ಒಬ್ಬರೂ ಅನುಭವದಲ್ಲೇ ನಿಂತುಬಿಡಲಿಲ್ಲ. ಕಂಡದ್ದನ್ನು ಬರೆದಿಟ್ಟರು, ಬೇರೆಯವರಿಗೆ ಕಲಿಸಲು ತರಬೇತಿ ಕೇಂದ್ರ ಕಟ್ಟಿದರು. ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದು ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಯುದ್ಧದ ವರ್ಷಗಳನ್ನೆಲ್ಲ ಇಲ್ಲೇ ಕಳೆದರು. ಗಿಜುಭಾಯಿ ಭಾವನಗರದಲ್ಲೇ ಅಧ್ಯಾಪನ ಮಂದಿರ ನಡೆಸಿದರು. ತರಬೇತಿ ಇಲ್ಲದೆ ಶುರುಮಾಡಿದ ಈ ಜನರಿಗೆ ತರಬೇತಿಯ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಸರ್ಕಾರಿ ವ್ಯವಸ್ಥೆಗೆ ಬರೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಐಸಿಡಿಎಸ್, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾಯಿತು. ಅದರಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ. ಆಗಿನ ಕಲ್ಪನೆಯಲ್ಲಿ ಅಂಗನವಾಡಿ ಕಾರ್ಯಕರ್ತೆ ಊರಿನವಳೇ ಆದ, ಊರು ಒಪ್ಪುವ ಹೆಣ್ಣುಮಗಳು. ಕೆಲವು ಗಂಟೆ ಸೇವೆ ಮಾಡುತ್ತಾಳೆ, ಅದಕ್ಕೆ ಗೌರವಧನ ಪಡೆಯುತ್ತಾಳೆ. ಶಾಲೆಯ ಓದಿಗಿಂತ ಸ್ಥಳೀಯಳಾಗಿರುವುದೇ ದೊಡ್ಡ ಅರ್ಹತೆ. ಆ ಆಲೋಚನೆಯಲ್ಲಿ ಬಹಳ ವಿವೇಕ ಇತ್ತು. ಬಾಣಂತಿಯ ಕೋಣೆಗೆ ಹೋಗಿ ಕೂಸಿನ ತೂಕ ಕೇಳಲು ಹೊರಗಿನವರಿಂದ ಆಗದು.

ಆದರೆ ಕೆಲಸ ಬೆಳೆಯುತ್ತಲೇ ಹೋಯಿತು. ಪೂರಕ ಆಹಾರ, ಚುಚ್ಚುಮದ್ದಿಗೆ ಕರೆತರುವುದು, ತೂಕ ನೋಡುವುದು, ತಾಯಂದಿರ ಸಭೆ, ಶಾಲಾಪೂರ್ವ ಶಿಕ್ಷಣ ಮೊದಲಿನಿಂದಲೂ ಇದ್ದವು. ಮುಂದೆ ನಮ್ಮ ರಾಜ್ಯದಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂತು, ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಬಂತು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಕೆಲಸ ಇಷ್ಟು ತಾಂತ್ರಿಕವಾದ ಮೇಲೂ ಕಾರ್ಯಕರ್ತೆ ಕಾನೂನಿನ ಕಣ್ಣಿನಲ್ಲಿ ಸೇವಾಕರ್ತೆಯಾಗಿಯೇ ಉಳಿದರು. ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ದಾಹೋದ್ ಜಿಲ್ಲೆಯಿಂದ ಬಂದ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅವರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆಯ ಕರ್ತವ್ಯವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮಿನ ಶಾಲಾಪೂರ್ವ ಶಿಕ್ಷಣವನ್ನೂ ಈ ಕೇಂದ್ರಗಳೇ ನಿರ್ವಹಿಸುತ್ತಿವೆ ಎಂಬುದನ್ನು ಗಮನಕ್ಕೆ ತಂದುಕೊಂಡಿತು. ಅರ್ಹತೆಯ ಚರ್ಚೆಯನ್ನು ಸಂಬಳದಿಂದ ಬೇರ್ಪಡಿಸಿ ನಡೆಸುವವರಿಗೆ ಈ ಎರಡು ತೀರ್ಪುಗಳನ್ನು ಓದಲು ಹೇಳುತ್ತೇನೆ. ಕೇಂದ್ರದ ಪಾಲಿನ ಗೌರವಧನ 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಗೆ 3,000ದಿಂದ 4,500 ರೂಪಾಯಿಗೆ, ಸಹಾಯಕಿಗೆ 2,250ಕ್ಕೆ ಏರಿತು. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೂ ವಿದ್ಯಾರ್ಹತೆ ಏರಿದ ವೇಗದಲ್ಲಿ ಸಂಬಳ ಏರಿಲ್ಲ. ‘ನಿಮ್ಮ ಅನುಭವವೇ ದೊಡ್ಡದು’ ಎಂದು ವೇದಿಕೆಯಲ್ಲಿ ಶಾಲು ಹೊದಿಸಿ, ವೇತನದ ಮಾತು ಬಂದಾಗ ‘ನಿಮಗೆ ಡಿಪ್ಲೊಮಾ ಇಲ್ಲವಲ್ಲ’ ಎನ್ನುವುದು ಅನ್ಯಾಯ.

ಅನುಭವ ಎಂದರೆ ಏನು, ಅದು ಎಲ್ಲಿರುತ್ತದೆ ಎಂಬುದನ್ನು ತೋರಿಸಲು ನಾನು ಕಂಡ ಒಂದು ಬೆಳಗ್ಗೆಯ ಬಗ್ಗೆ ಹೇಳುತ್ತೇನೆ. ಬಳ್ಳಾರಿ ಸೀಮೆಯ ಒಂದು ಲಂಬಾಣಿ ತಾಂಡಾ, ಜೂನ್ ತಿಂಗಳು. ಮೂರು ತುಂಬಿದ ಹುಡುಗನನ್ನು ತಾಯಿ ಮೊದಲ ಸಲ ಅಂಗನವಾಡಿಗೆ ತಂದಿದ್ದಳು. ಹೊಲಕ್ಕೆ ಹೋಗುವ ಆತುರ ಅವಳಿಗೆ. ಹುಡುಗ ‘ಯಾಡಿ, ಯಾಡಿ’ ಎಂದು ತಾಯಿಯ ಕೊರಳು ಬಿಡಲೊಲ್ಲ. ಟೀಚರ್ ಒಳ್ಳೆಯವರು, ತರಬೇತಿ ಆದವರು, ಬಣ್ಣದ ಚಿತ್ರಪಟ ತಂದು ಎದುರಿಗೆ ಹಿಡಿದು ಕನ್ನಡದಲ್ಲಿ ಹಾಡು ಹೇಳತೊಡಗಿದರು. ಅಳು ಇನ್ನಷ್ಟು ಜೋರಾಯಿತು. ಒಳಗೆ ಅಡುಗೆಗೆ ಸೊಪ್ಪು ಬಿಡಿಸುತ್ತಿದ್ದ ಸಹಾಯಕಿ ತಟ್ಟೆ ಎತ್ತಿಕೊಂಡು ಹೊರಗೆ ಬಂದರು. ಅವರೂ ಅದೇ ತಾಂಡಾದವರು. ಹುಡುಗನನ್ನು ಎತ್ತಿಕೊಳ್ಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ತಾಯಿಗೆ ಮಾತ್ರ ಗೋರ್‌ಬೋಲಿಯಲ್ಲಿ ಏನೋ ಹೇಳಿ ಕೂರಿಸಿದರು. ತಾವು ಒಂದು ಮಾರು ಆಚೆ, ಅರ್ಧ ಬೆನ್ನು ಹಾಕಿ ಕುಳಿತು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು. ದಂಟನ್ನು ತಟ್ಟೆಗೆ ಎಸೆದಾಗೆಲ್ಲ ಟಣ್ ಎಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಹುಡುಗನ ಅಳು ಒಂದೊಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ದಂಟು ಅವನ ಕಾಲ ಬಳಿ ಬಿತ್ತು, ಬಿದ್ದಿತೋ ಬೀಳಿಸಿದರೋ ನನಗೆ ತಿಳಿಯಲಿಲ್ಲ. ಅವನು ತಾಯಿಯ ತೊಡೆಯ ಮೇಲಿಂದಲೇ ಬಗ್ಗಿ ಅದನ್ನು ತೆಗೆದು ತಟ್ಟೆಗೆ ಎಸೆದ. ಟಣ್ ಎಂದಿತು. ಇನ್ನೊಂದಕ್ಕೆ ಕೈ ಚಾಚಿದ. ಆಮೇಲೆ ಸಹಾಯಕಿ ತಾಯಿಗೆ ಹೊರಡಲು ಹೇಳಿದರು, ಕದ್ದು ಹೋಗಬೇಡ, ಹೇಳಿ ಹೋಗು ಎಂದೂ ತಿಳಿಸಿದರು. ಅವನು ಮತ್ತೆ ಅತ್ತ, ಆದರೆ ತಟ್ಟೆಯ ಪಕ್ಕದಲ್ಲೇ ಕುಳಿತು ಅತ್ತ.

ಆಮೇಲೆ ನಾನು ಅವರನ್ನು ವಿಚಾರಿಸಿದೆ. ‘ಅಳೋ ಕೂಸಿನ ಮಕ ನೋಡಿದ್ರ ಅಳು ಹೆಚ್ಚಾಗತೈತ್ರಿ, ಅದರ ಕೈ ನೋಡ್ಬೇಕು’ ಎಂದರು. ಎಳೆಯ ಮಗು ಹೊಸ ಜಾಗಕ್ಕೆ ಹೊಂದಿಕೊಳ್ಳುವುದರ ಬಗ್ಗೆ ಮನಶ್ಶಾಸ್ತ್ರದ ಪುಸ್ತಕಗಳು ಹೇಳುವ ಮುಖ್ಯ ಸಂಗತಿಗಳೆಲ್ಲ ಆ ಬೆಳಗ್ಗೆಯಲ್ಲಿದ್ದವು. ಮಗುವಿನ ಮೇಲೆ ಮುಗಿಬೀಳಬಾರದು, ಪರಿಚಿತ ವ್ಯಕ್ತಿ ಸ್ವಲ್ಪ ಹೊತ್ತು ಜೊತೆಗಿರಬೇಕು, ಕೈಗೆ ಅರ್ಥವುಳ್ಳ ಕೆಲಸ ಸಿಗಬೇಕು, ಬೀಳ್ಕೊಡುಗೆ ಪ್ರಾಮಾಣಿಕವಾಗಿರಬೇಕು. ಇದಲ್ಲದೆ ಯಾವ ಅಂಕಪಟ್ಟಿಯಲ್ಲೂ ಕಾಣದ ಇನ್ನೊಂದು ಅರ್ಹತೆ ಆ ಸಹಾಯಕಿಗಿತ್ತು. ಅದು ಮಗುವಿನ ಮನೆಮಾತು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಕಲಿಕೆ ಆರಂಭವಾಗಬೇಕು ಎಂದು ಒತ್ತಿ ಹೇಳುತ್ತದೆ. ತಾಂಡಾಗಳಲ್ಲಿ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ಕರಾವಳಿಯ ತುಳು, ಬ್ಯಾರಿ, ಕೊಂಕಣಿ ಮನೆಗಳ ನಡುವೆ, ಉರ್ದು ಆಡುವ ಓಣಿಗಳಲ್ಲಿ ಆ ಮಾತು ಬಲ್ಲವರು ಯಾರು ಎಂದು ಹುಡುಕಿದರೆ ಬಹಳ ಕಡೆ ಉತ್ತರ ಒಲೆಯ ಮುಂದೆ ಸಿಗುತ್ತದೆ. ವಿದ್ಯಾರ್ಹತೆಯನ್ನು ಒಂದೊಂದು ಮೆಟ್ಟಿಲು ಏರಿಸಿದಾಗಲೂ ಹೆಣ್ಣುಮಕ್ಕಳ ಓದು ಹಿಂದೆ ಬಿದ್ದಿರುವ ಇಂಥ ನೆಲೆಗಳಲ್ಲೇ ಸ್ಥಳೀಯ ಅಭ್ಯರ್ಥಿಗಳು ಮೊದಲು ಹೊರಗುಳಿಯುತ್ತಾರೆ.

ಹಾಗಾದರೆ ಅನುಭವ ಸಾಕೇ? ಸಾಲದು. ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಇಲ್ಲಿ ಮಕ್ಕಳ ಜೀವದ ಪ್ರಶ್ನೆ ಇದೆ.

ತೀವ್ರ ಅಪೌಷ್ಟಿಕತೆಯ ಒಂದು ರೂಪದಲ್ಲಿ ಮಗುವಿನ ಎರಡೂ ಪಾದಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಕೆನ್ನೆಯೂ ಊದಿರಬಹುದು. ಹತ್ತಾರು ಮಕ್ಕಳನ್ನು ಸಾಕಿದ ಅಜ್ಜಿಯ ಕಣ್ಣಿಗೂ ಅದು ‘ದುಂಡುದುಂಡಾದ ಕೂಸು’ ಆಗಿಯೇ ಕಾಣುತ್ತದೆ. ತಕ್ಕಡಿಯೂ ಮೋಸ ಮಾಡುತ್ತದೆ, ಏಕೆಂದರೆ ನೀರಿಗೂ ತೂಕವಿದೆ. ತರಬೇತಿಯಲ್ಲಿ ಹೇಳಿಕೊಡುವುದು ಇಷ್ಟೇ: ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ, ಬಿಡಿ. ಒತ್ತಿದ ಜಾಗದಲ್ಲಿ ಗುಳಿ ಹಾಗೇ ಉಳಿದರೆ ಆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಆ ಮೂರು ಸೆಕೆಂಡಿನ ಒತ್ತು ಯಾರಿಗೂ ತಾನಾಗಿ ಹೊಳೆಯುವುದಿಲ್ಲ, ಯಾರಾದರೂ ಕಲಿಸಬೇಕು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅಪಾಯ ಎಂಬುದೂ ಹಾಗೆಯೇ, ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯಬೇಕು, ಅದಕ್ಕೆ ಇಬ್ಬರು ಬೇಕು ಎಂಬುದೂ ಹಾಗೆಯೇ.

ಮಾತು ತಡವಾದ ಮಗುವಿನ ವಿಷಯ ಇನ್ನೂ ಸೂಕ್ಷ್ಮ. ‘ಅವರ ಮನೆತನದಲ್ಲೇ ಮಾತು ತಡ, ಅವನಪ್ಪನೂ ಹಾಗೇ ಇದ್ದ’ ಎನ್ನುವುದು ಅನುಭವದ ಮಾತು, ಎಷ್ಟೋ ಸಲ ನಿಜವೂ ಹೌದು. ಆದರೆ ಆ ಮಕ್ಕಳ ನಡುವೆ ಕಿವಿ ಕೇಳಿಸದ ಒಂದು ಮಗು ಇದ್ದರೆ, ಈ ಮಾತು ಅದರ ಅತ್ಯಮೂಲ್ಯ ವರ್ಷಗಳನ್ನು ತಿಂದುಹಾಕುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮಲ್ಲಿದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬರುತ್ತವೆ. ಆದರೂ ಮಗುವಿನ ಬೆನ್ನ ಹಿಂದೆ ನಿಂತು ಹೆಸರು ಕರೆದು ನೋಡುವ ಅನುಮಾನ ಮೊದಲು ಕೇಂದ್ರದಲ್ಲೇ ಹುಟ್ಟಬೇಕು. ಅನುಮಾನ ಪಡುವುದನ್ನು ಓದು ಕಲಿಸುತ್ತದೆ.

ಯಾರೂ ತಿದ್ದದ ಅನುಭವಕ್ಕೆ ಇನ್ನೊಂದು ಅಪಾಯವಿದೆ. ಅದು ಅಭ್ಯಾಸವಾಗಿ ಗಟ್ಟಿಯಾಗುತ್ತದೆ. ಮೂರು ವರ್ಷದ ಮಗುವಿನ ಬೆರಳು ಹಿಡಿದು ‘ಅ’ ತಿದ್ದಿಸುವುದು, ಗುಮ್ಮನನ್ನು ಕರೆದು ಹೆದರಿಸುವುದು, ಕೈಕಟ್ಟಿ ಬಾಯ ಮೇಲೆ ಬೆರಳಿಟ್ಟು ಕೂರಿಸುವುದು, ಎಡಗೈ ಮುಂದೆ ಚಾಚಿದ ಮಗುವಿನ ಕೈಮೇಲೆ ಹೊಡೆಯುವುದು, ಇವೆಲ್ಲವೂ ಅನುಭವದ ಹೆಸರಿನಲ್ಲೇ ನಡೆಯುತ್ತವೆ. ಇಪ್ಪತ್ತು ವರ್ಷ ಮಾಡಿದ್ದಾರೆ ಎಂದ ಮಾತ್ರಕ್ಕೆ ತಪ್ಪು ಸರಿಯಾಗದು. ನಮ್ಮ ರಾಜ್ಯದ ‘ಚಿಲಿಪಿಲಿ’ ಚಟುವಟಿಕೆಗಳು ಆಟದ ಮೂಲಕ ಕಲಿಸಲು ಹೇಳುತ್ತವೆ. ತಂದೆತಾಯಿಯರು ಮಾತ್ರ ಪಕ್ಕದ ಕಾನ್ವೆಂಟ್ ನೋಡಿ ‘ಏನೂ ಬರೆಸೋದಿಲ್ಲವಲ್ಲ’ ಎಂದು ಕೇಳುತ್ತಾರೆ. ಆ ಒತ್ತಡದ ಎದುರು ನಿಂತು ‘ಈ ವಯಸ್ಸಿಗೆ ಮಣ್ಣು, ಬೀಜ, ಹಾಡು, ಕಥೆಯೇ ಓದು’ ಎಂದು ಕಾರಣ ಸಮೇತ ವಿವರಿಸಲು ಕಾರ್ಯಕರ್ತೆಗೆ ಶಾಸ್ತ್ರದ ಬಲ ಬೇಕು. ಪ್ರಮಾಣಪತ್ರ ಕೊಡಬೇಕಾದದ್ದು ಆ ಬಲವನ್ನು.

ಪ್ರಯೋಗಗಳು ಏನು ಹೇಳುತ್ತವೆ? ನನಗೆ ಬಹಳ ಮುಖ್ಯವೆನಿಸಿದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನದು. 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ಬೆಳವಣಿಗೆ ಕುಂಠಿತವಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ಕೆಲವರ ಮನೆಗೆ ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಸಮುದಾಯ ಆರೋಗ್ಯ ಸಹಾಯಕಿಯರು ಹೋದರು. ದೊಡ್ಡ ಓದಿನವರಲ್ಲ, ನಮ್ಮ ಅಂಗನವಾಡಿಯವರಂಥವರೇ. ಮನೆಯಲ್ಲೇ ಮಾಡಿದ ಆಟಿಕೆ ಒಯ್ದು, ತಾಯಿ ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತೋರಿಸಿಕೊಟ್ಟರು. ಎರಡು ವರ್ಷ ಇದು ನಡೆಯಿತು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದಾಗ ಆ ಮಕ್ಕಳ ಗಳಿಕೆ, ಭೇಟಿ ಸಿಗದ ಮಕ್ಕಳ ಗಳಿಕೆಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತಿನ ಅರ್ಥಶಾಸ್ತ್ರಜ್ಞರೆಲ್ಲ ತಿರುಗಿ ನೋಡಿದರು. ಆ ಸಹಾಯಕಿಯರಿಗೆ ಡಿಗ್ರಿ ಇರಲಿಲ್ಲ. ಆದರೆ ವಾರವಾರದ ಚಟುವಟಿಕೆಯನ್ನು ಯೋಚಿಸಿ ಜೋಡಿಸಿದ ಕ್ರಮ ಇತ್ತು, ಮೊದಲೇ ತರಬೇತಿ ಇತ್ತು, ಬೆನ್ನಿಗೆ ನಿಂತು ನೋಡಿ ತಿದ್ದುವವರಿದ್ದರು.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ನಡೆದ ಇನ್ನೊಂದು ಪ್ರಯೋಗ ಬೇರೆಯದೇ ಮಾತು ಹೇಳುತ್ತದೆ. 640 ಅಂಗನವಾಡಿಗಳಲ್ಲಿ ಅರ್ಧದಷ್ಟಕ್ಕೆ ಚೀಟಿ ಎತ್ತಿ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಅರ್ಧ ದಿನದ ಕೆಲಸಕ್ಕೆ ಕೊಟ್ಟರು. ಅವಳ ಕೆಲಸ ಶಾಲಾಪೂರ್ವ ಶಿಕ್ಷಣ ಮಾತ್ರ. ಕಲಿಸುವ ಸಮಯ ದುಪ್ಪಟ್ಟಾಯಿತು. ಸುಮಾರು ಒಂದೂವರೆ ವರ್ಷದಲ್ಲಿ ಮಕ್ಕಳ ಭಾಷೆ, ಗಣಿತ ಎರಡೂ ಸುಧಾರಿಸಿದವು. ಹಳೆಯ ಕಾರ್ಯಕರ್ತೆಗೆ ಆಹಾರ, ಆರೋಗ್ಯ ನೋಡಲು ಪುರುಸೊತ್ತು ಸಿಕ್ಕಿದ್ದರಿಂದ ಅಪೌಷ್ಟಿಕತೆಯೂ ತಗ್ಗಿತು. ನಾವು ಓದು ಹೆಚ್ಚೋ ಅನುಭವ ಹೆಚ್ಚೋ ಎಂದು ವಾದಿಸುತ್ತಿರುವಾಗ, ಕೇಂದ್ರದಲ್ಲಿರುವ ಹೆಂಗಸಿಗೆ ಮಕ್ಕಳ ಜೊತೆ ಕೂರಲು ಸಮಯವೇ ಇಲ್ಲ ಎಂಬ ಸತ್ಯ ಮೂಲೆಗೆ ಸರಿಯುತ್ತದೆ.

ದಾರಿ ಕಟ್ಟುವ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ ‘ಹೆಡ್ ಸ್ಟಾರ್ಟ್’ ಯೋಜನೆ 1965ರಲ್ಲಿ ಶುರುವಾದಾಗ ಅದೇ ಬಡಾವಣೆಗಳ ತಾಯಂದಿರು ಕೆಲಸಕ್ಕೆ ಬಂದರು. ಓದು ಕಡಿಮೆ, ಮಕ್ಕಳ ಒಡನಾಟ ಹೆಚ್ಚು. ಅವರನ್ನೆಲ್ಲ ತೆಗೆದುಹಾಕಿ ಪದವೀಧರರನ್ನು ತರುವುದೇ? ಎಡ್ವರ್ಡ್ ಜಿಗ್ಲರ್ ಎಂಬ ಮನಶ್ಶಾಸ್ತ್ರಜ್ಞರ ಮುಂದಾಳುತನದಲ್ಲಿ ಮೂರನೆಯ ದಾರಿಯೊಂದು ತಯಾರಾಯಿತು. ಅದರ ಹೆಸರು ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್, ಸಿಡಿಎ. ಮೊದಲ ಸಿಡಿಎ ಪತ್ರ ಕೊಟ್ಟದ್ದು 1975ರಲ್ಲಿ, ನಮ್ಮ ಐಸಿಡಿಎಸ್ ಹುಟ್ಟಿದ ವರ್ಷವೇ. ಈಗಿನ ನಿಯಮದಂತೆ ಅಭ್ಯರ್ಥಿ 120 ಗಂಟೆ ತರಬೇತಿ ಪಡೆದಿರಬೇಕು, ಮಕ್ಕಳ ಜೊತೆ 480 ಗಂಟೆ ಕೆಲಸ ಮಾಡಿರಬೇಕು, ತಾನು ಮಾಡಿದ ಕೆಲಸದ ಕಡತ ಇಟ್ಟಿರಬೇಕು, ಒಂದು ಲಿಖಿತ ಪರೀಕ್ಷೆ ಬರೆಯಬೇಕು. ಇವೆಲ್ಲದರ ಜೊತೆಗೆ, ಪರಿಣತರೊಬ್ಬರು ಕೆಲಸದ ಜಾಗಕ್ಕೇ ಬಂದು ಅವಳು ಮಕ್ಕಳ ನಡುವೆ ಹೇಗಿರುತ್ತಾಳೆ ಎಂದು ಕುಳಿತು ನೋಡಬೇಕು. ಆಮೇಲೆ ಮಾತಾಡಬೇಕು. ಅಮೆರಿಕ ಅಲ್ಲಿಗೇ ನಿಲ್ಲಲಿಲ್ಲ. 2007ರ ಕಾನೂನು ಹೆಡ್ ಸ್ಟಾರ್ಟ್ ಶಿಕ್ಷಕರಲ್ಲಿ ಅರ್ಧದಷ್ಟು ಮಂದಿಗೆ 2013ರ ಹೊತ್ತಿಗೆ ಪದವಿ ಇರಬೇಕೆಂದಿತು. ಇಂಗ್ಲೆಂಡ್ 2014ರಲ್ಲಿ ಶಿಶುಕೇಂದ್ರದ ಅರ್ಹ ಸಿಬ್ಬಂದಿಗೆ ಶಾಲಾ ಪರೀಕ್ಷೆಯ ಇಂಗ್ಲಿಷ್ ಮತ್ತು ಗಣಿತದಲ್ಲಿ ನಿಗದಿತ ದರ್ಜೆ ಕಡ್ಡಾಯ ಮಾಡಿ, ಜನ ಸಿಗದೆ 2017ರಲ್ಲಿ ಸಡಿಲಿಸಿತು. ಅಂದರೆ ಎಲ್ಲೆಡೆ ಎಳೆದಾಟ ಇದ್ದೇ ಇದೆ. ಆದರೆ ನೋಡಿ ಬರೆದುಕೊಡುವ ಆ ಕ್ರಮ ಐವತ್ತು ವರ್ಷ ಉಳಿದುಕೊಂಡಿದೆ.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದರ ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದೆ. ಪಿಯುಸಿ ಮತ್ತು ಹೆಚ್ಚಿನದನ್ನು ಓದಿದ ಕಾರ್ಯಕರ್ತೆಗೆ ಆರು ತಿಂಗಳ ಪ್ರಮಾಣಪತ್ರ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎನ್ನುತ್ತದೆ. ಟಿವಿ ವಾಹಿನಿ, ಮೊಬೈಲ್ ಮೂಲಕ ಪಾಠ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ. ಕೆಲಸ ಬಿಡದೆ ಓದಬಹುದು, ಒಳ್ಳೆಯದು. ಆದರೆ ಲೆಕ್ಕ ಗಮನಿಸಿ. ಇಪ್ಪತ್ತೈದು ವರ್ಷ ದುಡಿದ ಎಸ್‌ಎಸ್‌ಎಲ್‌ಸಿ ಕಾರ್ಯಕರ್ತೆಗೆ ಒಂದು ವರ್ಷ, ಹೋದ ತಿಂಗಳು ಸೇರಿದ ಪಿಯುಸಿಯವಳಿಗೆ ಆರು ತಿಂಗಳು. ಅಳತೆಗೋಲು ಶಾಲೆಯ ಓದು ಮಾತ್ರ. ಸೇವೆಯ ವರ್ಷಗಳಿಗೆ ಒಂದು ದಿನದ ರಿಯಾಯಿತಿಯೂ ಇಲ್ಲ. 2023ರಲ್ಲಿ ಶುರುವಾದ ‘ಪೋಷಣ್ ಭೀ ಪಢಾಯೀ ಭೀ’ ಅಡಿ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ ಸಿಗುತ್ತಿದೆ. ಮೂರು ದಿನದಲ್ಲಿ ಹೊಸ ಹುರುಪು ಬರಬಹುದು. ಕೈ ತಿದ್ದಲು ಅಷ್ಟು ಸಾಲದು.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸುವ ನಿರ್ಧಾರದ ವಿರುದ್ಧ ಅಂಗನವಾಡಿಯವರು ಬೀದಿಗಿಳಿದದ್ದು ನಿಮಗೆ ನೆನಪಿದೆ. ನಾಲ್ಕು ವರ್ಷದ ಮಕ್ಕಳು ಶಾಲೆಗೆ ಹೋದರೆ ತಮ್ಮ ಕೇಂದ್ರ ಬರಿದಾಗುತ್ತದೆ ಎಂಬ ಭಯ ಅದರಲ್ಲಿತ್ತು. ನಮ್ಮನ್ನು ಅಡುಗೆಗೆ, ತೂಕಕ್ಕೆ ಮಾತ್ರ ಇಟ್ಟು ಕಲಿಸುವ ಕೆಲಸ ಬೇರೆಯವರಿಗೆ ಕೊಡುತ್ತೀರಾ ಎಂಬ ನೋವೂ ಇತ್ತು. ಆ ನೋವಿಗೆ ಉತ್ತರ ಕೊಡಬೇಕಾದರೆ ಅವರ ಕಲಿಸುವ ಶಕ್ತಿಯನ್ನು ಯಾರಾದರೂ ನೋಡಿ ದಾಖಲಿಸಿರಬೇಕು. ಮೇಲ್ವಿಚಾರಕಿ ಬರುತ್ತಾರೆ, ನಿಜ. ಒಬ್ಬೊಬ್ಬರಿಗೆ ಇಪ್ಪತ್ತು ಇಪ್ಪತ್ತೈದು ಕೇಂದ್ರ. ಬಂದವರು ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಮೊಬೈಲಿನ ಅಂಕಿ ನೋಡುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ. ಕಥೆ ಹೇಳುವುದನ್ನು ಪೂರ್ತಿ ಕುಳಿತು ಕೇಳಿದ ಮೇಲ್ವಿಚಾರಕಿಯನ್ನು ಕಂಡ ಕಾರ್ಯಕರ್ತೆಯರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ನಮ್ಮ ರಾಜ್ಯದಲ್ಲೇ ಇದನ್ನು ಮಾಡಿ ನೋಡಲು ಒಂದು ಜಾಗ ಸಿದ್ಧವಾಗಿದೆ. ಅದು ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’. 2023-24ರಲ್ಲಿ ನಾಲ್ಕು ಸಾವಿರ ಶಿಶುಪಾಲನಾ ಕೇಂದ್ರಗಳನ್ನು ಸರ್ಕಾರ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳು ಅಲ್ಲಿರುತ್ತಾರೆ. ನೋಡಿಕೊಳ್ಳುವವರೂ ಜಾಬ್ ಕಾರ್ಡ್ ಇರುವ ಅದೇ ಊರಿನ ಹೆಂಗಸರು, ತರಬೇತಿ ಪಡೆದು ಸರದಿಯಂತೆ ಬರುವವರು. ಮಣ್ಣು ಹೊರುವ ತಾಯಂದಿರ ಮಕ್ಕಳಿಗಾಗಿ ಮೀರಾ ಮಹಾದೇವನ್ 1969ರಲ್ಲಿ ದೆಹಲಿಯ ಕಟ್ಟಡ ಕಾಮಗಾರಿಯೊಂದರ ಬಳಿ ‘ಮೊಬೈಲ್ ಕ್ರೆಶಸ್’ ಆರಂಭಿಸಿದ್ದರು. ಆ ದಾರಿಯಲ್ಲೇ ಇದೂ ಇದೆ. ನನ್ನ ಆತಂಕ ಸರದಿಯ ಬಗ್ಗೆ. ಒಂದೂವರೆ ವರ್ಷದ ಕೂಸಿಗೆ ದಿನವೂ ಅದೇ ಮುಖ, ಅದೇ ಮಡಿಲು ಬೇಕು. ದುಡಿಯುವ ದಿನಗಳ ಮಿತಿ ಮುಗಿಯಿತೆಂದು ಆರೈಕೆದಾರರು ಬದಲಾದರೆ ಕೂಸು ಕಳೆದುಕೊಳ್ಳುವುದು ದೊಡ್ಡದು, ಆ ಹೆಂಗಸಿನ ಅನುಭವವೂ ಬಲಿಯುವ ಮೊದಲೇ ಕೈಬಿಟ್ಟುಹೋಗುತ್ತದೆ. ಚೆನ್ನಾಗಿ ಮಾಡುವವರನ್ನು ಗುರುತಿಸಿ, ಕಾಯಂ ಆಗಿ ಉಳಿಸಿಕೊಂಡು, ಮುಂದೆ ಅಂಗನವಾಡಿಯ ಹುದ್ದೆಗೆ ಅದನ್ನು ಅರ್ಹತೆಯಾಗಿ ಎಣಿಸುವ ನಿಯಮ ಬರಬೇಕು.

ಏಳನೇ ತರಗತಿಗೇ ಓದು ನಿಂತವರ ಗತಿ ಏನು ಎಂದು ಕೇಳುತ್ತೀರಿ. ಅವರಿಗೆ ಓದಿನಿಂದ ವಿನಾಯಿತಿ ಕೊಡಿ ಎಂದು ನಾನು ಕೇಳುವುದಿಲ್ಲ. ಮಗುವಿನ ಬೆಳವಣಿಗೆಯ ನಕ್ಷೆ ಓದಲು, ಔಷಧಿಯ ಚೀಟಿ ಓದಲು, ಕಥೆಪುಸ್ತಕ ಓದಿ ಹೇಳಲು ಅಕ್ಷರ ಬೇಕೇ ಬೇಕು. ಓದುವ ಅವಕಾಶವನ್ನು ಇಲಾಖೆ ಕೊಡಬೇಕು. ಕೋಸಬಾಡದಲ್ಲಿ ತಾರಾಬಾಯಿಯವರ ಜೊತೆ ಜೀವನವಿಡೀ ದುಡಿದ ಅನುತಾಯಿ ವಾಘ್ ಬಾಲ್ಯದಲ್ಲೇ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದವರು. ಕೆಲಸ ಮಾಡುತ್ತ ಮಾಡುತ್ತಲೇ ಒಂದೊಂದು ಪರೀಕ್ಷೆ ಕಟ್ಟಿ, ಐವತ್ತು ದಾಟಿದ ಮೇಲೆ 1961ರಲ್ಲಿ ಪದವಿ ಪಡೆದರು. ಅಷ್ಟು ಹೊತ್ತಿಗೆ ಮಕ್ಕಳ ಶಿಕ್ಷಣದಲ್ಲಿ ಅವರ ಅನುಭವವೇ ಬೇರೆಯವರಿಗೆ ಪಾಠವಾಗಿತ್ತು. ಅಂಥ ಛಲ ಎಲ್ಲರಲ್ಲೂ ಇರಬೇಕೆಂದು ನಾವು ನಿರೀಕ್ಷಿಸುವಂತಿಲ್ಲ. ಛಲವಿಲ್ಲದವರಿಗೂ ಓದು ಸಿಗುವಂತೆ ಮಾಡುವುದಕ್ಕೇ ಇಲಾಖೆಗಳಿರುವುದು.

ಇಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳಿದ್ದೀರಿ. ಒಂದು ತಾಲ್ಲೂಕಿನಿಂದ ಶುರುಮಾಡಿ. ಐದು ವರ್ಷ ಸೇವೆ ಮುಗಿಸಿದ ಪ್ರತಿ ಸಹಾಯಕಿಯ, ಕಾರ್ಯಕರ್ತೆಯ ಕೆಲಸವನ್ನು ವರ್ಷಕ್ಕೆ ಮೂರು ಬೆಳಗ್ಗೆ ಬೇರೆ ತಾಲ್ಲೂಕಿನ ಅನುಭವಿ ಕಾರ್ಯಕರ್ತೆಯೊಬ್ಬರು, ಶಿಶು ಅಭಿವೃದ್ಧಿ ಓದಿದ ಅಧ್ಯಾಪಕಿಯೊಬ್ಬರು ಜೊತೆಯಾಗಿ ಕುಳಿತು ನೋಡಲಿ. ಹೊಸ ಮಗುವನ್ನು ಹೇಗೆ ಬರಮಾಡಿಕೊಳ್ಳುತ್ತಾರೆ, ಊಟ ಹೇಗೆ ಮಾಡಿಸುತ್ತಾರೆ, ಮಗುವಿನ ಮನೆಮಾತಿನಲ್ಲಿ ಎಷ್ಟು ಮಾತಾಡುತ್ತಾರೆ, ಪಾದ ಒತ್ತಿ ನೋಡಲು ಬರುತ್ತದೆಯೇ, ತೂಕದ ನಕ್ಷೆಯಲ್ಲಿ ಚುಕ್ಕೆ ಸರಿಯಾಗಿ ಇಡುತ್ತಾರೆಯೇ ಎಂದು ಬರೆದುಕೊಳ್ಳಲಿ. ಬಾರದ್ದನ್ನು ಅಲ್ಲೇ ಕಲಿಸಿ ಮುಂದಿನ ಸಲ ಮತ್ತೆ ನೋಡಲಿ. ಅದಕ್ಕೊಂದು ಪತ್ರ ಕೊಟ್ಟು, ಆ ಪತ್ರಕ್ಕೆ ನೇಮಕಾತಿಯಲ್ಲಿ, ಬಡ್ತಿಯಲ್ಲಿ, ಡಿಪ್ಲೊಮಾದ ಅವಧಿಯಲ್ಲಿ ಅಂಕ ಇರಲಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಖಾಸಗಿಯಾಗಿ ಕಟ್ಟುವ ಸಹಾಯಕಿಗೆ ಪರೀಕ್ಷಾ ಶುಲ್ಕವನ್ನೂ ಪರೀಕ್ಷೆಯ ದಿನಗಳ ಗೌರವಧನವನ್ನೂ ಇಲಾಖೆಯೇ ಕೊಡಲಿ, ಆ ದಿನಗಳಲ್ಲಿ ಅಡುಗೆಗೆ ಬದಲಿ ಕೈ ಕೊಡಲಿ. ಮುಂದಿನ ನೇಮಕಾತಿ ಪ್ರಕಟಣೆ ಹೊರಡುವ ಮೊದಲು ಇದರ ಆದೇಶ ಹೊರಡಲಿ ಎಂದು ಕೇಳಿಕೊಳ್ಳುತ್ತೇನೆ.